ಮುಸುಕಿನ ಮರಿಯಾನ್: ‘ಫಿಗಾರೊ ಮ್ಯಾಗಜೀನ್’ ಪುರವಣಿ ಮತ್ತು ಫ್ರಾನ್ಸಿನ ಜನಪದ ಸಂಕೇತಗಳ ರಾಜಕಾರಣ

ಪ್ಯಾರಿಸ್ಸಿನ ‘ಲ ಫಿಗಾರೊ’ ದಿನಪತ್ರಿಕೆ ತನ್ನ ಹೆಸರನ್ನು ಪಡೆದದ್ದು ಒಬ್ಬ ಕ್ಷೌರಿಕನಿಂದ. ಬೊಮಾರ್ಶೆಯ ನಾಟಕಗಳಲ್ಲಿ ಬರುವ ಫಿಗಾರೊ ಮೊದಲು ಸೆವಿಲ್ ನಗರದ ಕ್ಷೌರಿಕ, ಅನಂತರ ಶ್ರೀಮಂತನೊಬ್ಬನ ಮನೆಯ ಸೇವಕ. ತನ್ನ ಮದುವೆಗೆ ಅಡ್ಡಬಂದ ಧಣಿಯನ್ನು ಅವನು ಮಾತಿನ ಚಾತುರ್ಯದಿಂದಲೇ ಸೋಲಿಸುತ್ತಾನೆ. ಇಟಲಿಯ ಬೀದಿನಾಟಕಗಳ ಚತುರ ಸೇವಕರ ಪರಂಪರೆಗೆ ಸೇರಿದ ಈ ಪಾತ್ರವನ್ನು ಜನಪದ ಕಥೆಗಳ ಜಾಣಗಳ್ಳನ ನಾಗರಿಕ ರೂಪವೆಂದು ಗುರುತಿಸಬಹುದು. 1784ರಲ್ಲಿ ‘ಫಿಗಾರೊನ ಮದುವೆ’ ರಂಗಕ್ಕೆ ಬರುವ ಮುನ್ನ ಹದಿನಾರನೆಯ ಲೂಯಿ ಅದರ ಪ್ರದರ್ಶನವನ್ನು ವರ್ಷಗಳ ಕಾಲ ತಡೆದಿದ್ದನು. ಇಂತಹ ಅವಿಧೇಯ ಸೇವಕನ ಹೆಸರನ್ನು ಹೊತ್ತ ಪತ್ರಿಕೆಯು ಮುಂದೆ ಫ್ರಾನ್ಸಿನ ಸಂಪ್ರದಾಯವಾದಿ ಮೇಲ್ವರ್ಗದ ಮನೆಮಾತಾಯಿತು. ಆ ಪತ್ರಿಕೆಯ ಮಡಿಲಲ್ಲಿ 1978ರಲ್ಲಿ ಹುಟ್ಟಿದ ವಾರದ ಪುರವಣಿಯೇ ‘ಲ ಫಿಗಾರೊ ಮ್ಯಾಗಜೀನ್’.

ಪುರವಣಿಯನ್ನು ಮುಖ್ಯ ಪತ್ರಿಕೆಯ ಬಾಲವೆಂದು ಭಾವಿಸುವುದು ರೂಢಿ. ಬಿಡುವಿನ ದಿನದ ಓದು, ಚಿತ್ರ, ಪ್ರವಾಸ, ಅಡುಗೆ, ಉಡುಪು ಇವು ಪುರವಣಿಯ ಸಾಮಗ್ರಿ ಎಂಬ ನಂಬಿಕೆಯಿಂದ ಪತ್ರಿಕೋದ್ಯಮದ ಇತಿಹಾಸಕಾರರು ಅದರತ್ತ ಅಷ್ಟಾಗಿ ನೋಡುವುದಿಲ್ಲ. ಆದರೆ ಜಾನಪದದ ವಿದ್ಯಾರ್ಥಿಗೆ ಪುರವಣಿಯೇ ಹೆಚ್ಚು ಮುಖ್ಯವಾದ ಆಕರ. ದಿನಪತ್ರಿಕೆ ಸಂಜೆಗೆ ಹಳತಾಗುತ್ತದೆ. ಪುರವಣಿ ವಾರವಿಡೀ ನಡುಮನೆಯಲ್ಲಿ ಉಳಿದು ಮನೆಮಂದಿಯ ಕೈಯಿಂದ ಕೈಗೆ ಹೋಗುತ್ತದೆ. ಸಂಪಾದಕೀಯವನ್ನು ಓದದವರೂ ಅದರ ಮುಖಪುಟವನ್ನು ಕಾಣುತ್ತಾರೆ. ಫ್ರಾನ್ಸಿನ ಈ ಪುರವಣಿಯು ಬೇರು, ಪರಂಪರೆ, ಪುರಾಣ, ಮೆರವಣಿಗೆ, ರಾಷ್ಟ್ರಮಾತೆಯ ಬಿಂಬ ಮೊದಲಾದ ಜನಪದ ಮೂಲದ ಸಾಮಗ್ರಿಯನ್ನು ರಾಜಕೀಯ ನಾಣ್ಯವಾಗಿ ಚಲಾಯಿಸಿದ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪತ್ರಿಕೆ ಮತ್ತು ಅದರ ಪುರವಣಿಗಳು

1826ರಲ್ಲಿ ವಿಡಂಬನೆಯ ಚಿಕ್ಕ ಹಾಳೆಯಾಗಿ ಆರಂಭವಾದ ‘ಲ ಫಿಗಾರೊ’ ಹಲವು ಬಾರಿ ನಿಂತು ಮತ್ತೆ ಹುಟ್ಟಿತು. 1854ರಲ್ಲಿ ವಿಲ್‌ಮೆಸ್ಸಾಂ ಅದನ್ನು ವಹಿಸಿಕೊಂಡ ಮೇಲೆ ಅದಕ್ಕೆ ಸ್ಥಿರತೆ ಬಂದಿತು. 1866ರಲ್ಲಿ ಅದು ದಿನಪತ್ರಿಕೆಯಾಯಿತು. ಪುರವಣಿಯ ಸಂಪ್ರದಾಯವೂ ಈ ಪತ್ರಿಕೆಗೆ ಹಳೆಯದೇ. ಕವಿ ಮೊರೆಆಸ್ 1886ರ ಸೆಪ್ಟೆಂಬರ್ 18ರಂದು ಸಂಕೇತವಾದದ ಪ್ರಣಾಳಿಕೆಯನ್ನು ಪ್ರಕಟಿಸಿದ್ದು ಇದರ ಸಾಹಿತ್ಯ ಪುರವಣಿಯಲ್ಲಿ. ಒಂದು ಕಾವ್ಯಪಂಥ ಪುರವಣಿಯ ಹಾಳೆಯಿಂದ ಹೊರಟಿತೆಂಬ ಸಂಗತಿಯು ಪುರವಣಿಯನ್ನು ಹಗುರವಾಗಿ ಕಾಣುವವರಿಗೆ ಉತ್ತರವಾಗಬಲ್ಲದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ನವೆಂಬರಿನಲ್ಲಿ ಜರ್ಮನ್ ಸೇನೆ ದಕ್ಷಿಣ ಫ್ರಾನ್ಸನ್ನೂ ಆಕ್ರಮಿಸಿದಾಗ, ಪತ್ರಿಕೆಯು ತಾನಾಗಿಯೇ ಪ್ರಕಟಣೆಯನ್ನು ನಿಲ್ಲಿಸಿ 1944ರ ಆಗಸ್ಟಿನಲ್ಲಿ ಮತ್ತೆ ಕಾಣಿಸಿಕೊಂಡಿತು. ಯುದ್ಧಾನಂತರದ ಅದರ ನೈತಿಕ ಬಂಡವಾಳ ಈ ಮೌನದಿಂದ ಬಂದದ್ದು. ಆದುದರಿಂದಲೇ 1975ರಲ್ಲಿ ರೊಬೆರ್ ಎರ್ಸಾಂ ಪತ್ರಿಕೆಯನ್ನು ಕೊಂಡುಕೊಂಡಾಗ ಸಂಪಾದಕ ವರ್ಗದಲ್ಲಿ ತಳಮಳ ಉಂಟಾಯಿತು. ಎರ್ಸಾಂ 1940ರಲ್ಲಿ ನಾಜಿ ಒಲವಿನ ಸಣ್ಣ ಯುವಕ ಗುಂಪೊಂದನ್ನು ನಡೆಸಿದವನು. 1947ರಲ್ಲಿ ಹತ್ತು ವರ್ಷಗಳ ‘ರಾಷ್ಟ್ರೀಯ ಅಗೌರವ’ದ ಶಿಕ್ಷೆಗೆ ಗುರಿಯಾಗಿ, 1952ರಲ್ಲಿ ಕ್ಷಮಾದಾನ ಪಡೆದವನು. 1976ರಲ್ಲಿ ‘ಫ್ರಾನ್ಸ್-ಸ್ವಾರ್’, 1978ರಲ್ಲಿ ‘ಲೊರೋರ್’ ಅವನ ಕೈಸೇರಿದವು. ಕಾಗದ ತಿನ್ನುವವನೆಂಬ ಅಡ್ಡಹೆಸರು ಅವನಿಗೆ ಅಂಟಿತು. ಸಮಾಜಶಾಸ್ತ್ರಜ್ಞ ರೇಮೊಂ ಆರೊಂ 1977ರಲ್ಲಿ ಪತ್ರಿಕೆಯನ್ನು ತೊರೆದನು.

1978ರ ಅಕ್ಟೋಬರ್ 7ರ ಶನಿವಾರ ‘ಫಿಗಾರೊ ಮ್ಯಾಗಜೀನ್’ ಮೊದಲ ಬಾರಿಗೆ ದಿನಪತ್ರಿಕೆಯೊಂದಿಗೆ ಸೇರಿ ಮಾರಾಟಕ್ಕೆ ಬಂದಿತು. ನುಣುಪು ಕಾಗದ, ವರ್ಣಚಿತ್ರಗಳು, ದುಬಾರಿ ವಸ್ತುಗಳ ಜಾಹೀರಾತು ಇದರ ಆರ್ಥಿಕ ತಳಹದಿ. ಶನಿವಾರದ ಸಂಚಿಕೆಯ ಬೆಲೆ ಹೆಚ್ಚು. ಹಾಗಿದ್ದರೂ ಲಕ್ಷಗಟ್ಟಲೆ ಕುಟುಂಬಗಳು ಅದನ್ನು ಕೊಂಡವು. 1980ರಲ್ಲಿ ಮಹಿಳೆಯರಿಗಾಗಿ ‘ಮದಾಂ ಫಿಗಾರೊ’ ಜೊತೆಗೂಡಿತು. ಸುದ್ದಿಯ ಹಾಳೆಯು ಹೀಗೆ ವಾರಾಂತ್ಯದ ಕಟ್ಟಾಗಿ ಮಾರ್ಪಟ್ಟಿತು. ಸ್ವತಂತ್ರ ವಾರಪತ್ರಿಕೆಯನ್ನು ಓದುಗನು ಆರಿಸಿಕೊಂಡು ಕೊಳ್ಳುತ್ತಾನೆ; ಪುರವಣಿ ಆರಿಸಿಕೊಳ್ಳದವನ ಮನೆಗೂ ಬರುತ್ತದೆ. ಮುಂದಿನ ವಿವಾದಗಳ ಶಕ್ತಿಯೆಲ್ಲ ಈ ಒಂದು ವ್ಯತ್ಯಾಸದಲ್ಲಿ ಅಡಗಿದೆ.

ಸಂಪಾದಕ ಮತ್ತು ಅವನ ಬಳಗ

ಪುರವಣಿಯ ರೂಪಕಾರ ಲೂಯಿ ಪೊವೆಲ್ (1920-1997). ಇವನ ಪೂರ್ವವೃತ್ತಾಂತವು ಸಂಪ್ರದಾಯವಾದಿ ಸಂಪಾದಕನೊಬ್ಬನಿಂದ ನಿರೀಕ್ಷಿಸುವಂಥದ್ದಲ್ಲ. ಯೌವನದಲ್ಲಿ ಇವನು ಗುರ್ಜಿಯೆಫ್ ಎಂಬ ಗೂಢವಾದಿ ಗುರುವಿನ ಬಳಗದಲ್ಲಿದ್ದನು. ಆ ಅನುಭವವನ್ನು ಕುರಿತು 1954ರಲ್ಲಿ ಗ್ರಂಥ ಬರೆದನು. 1960ರಲ್ಲಿ ಝಾಕ್ ಬೆರ್ಜಿಯೆಯೊಂದಿಗೆ ಪ್ರಕಟಿಸಿದ ‘ಮಾಂತ್ರಿಕರ ಮುಂಜಾವು’ ಎಂಬರ್ಥದ ಕೃತಿಯು ಅಪಾರ ಜನಪ್ರಿಯವಾಯಿತು. ರಸವಿದ್ಯೆ, ಕಳೆದುಹೋದ ನಾಗರಿಕತೆಗಳು, ರಹಸ್ಯ ಸಂಘಗಳು, ಅತೀಂದ್ರಿಯ ಶಕ್ತಿಗಳು ಎಲ್ಲವನ್ನೂ ವಿಜ್ಞಾನದ ಪರಿಭಾಷೆಯೊಂದಿಗೆ ಬೆರೆಸಿದ ಕೃತಿಯದು. ಅದರ ಯಶಸ್ಸಿನ ಮೇಲೆ 1961ರಲ್ಲಿ ‘ಪ್ಲಾನೆತ್’ ಎಂಬ ನಿಯತಕಾಲಿಕೆ ಹುಟ್ಟಿಕೊಂಡಿತು.

ಜಾನಪದದ ದೃಷ್ಟಿಯಿಂದ ಈ ಘಟ್ಟವನ್ನು ಕಡೆಗಣಿಸಲಾಗದು. ಐತಿಹ್ಯವೊಂದನ್ನು ಹೇಳುವವನಿಂದ, ಕೇಳುವವರಿಂದ, ಹೇಳುವ ಸಂದರ್ಭದಿಂದ ಬಿಡಿಸಿ ತೆಗೆದು ‘ಮರೆತುಹೋದ ಸತ್ಯ’ವೆಂದು ಮುದ್ರಿಸುವ ಕಲೆಯನ್ನು ಪೊವೆಲ್ ಕರಗತ ಮಾಡಿಕೊಂಡದ್ದು ಇಲ್ಲಿ. ಕಥೆಯನ್ನು ಕಥೆಯಾಗಿ ನಂಬುವುದು ಜನಪದರ ರೀತಿ. ಅದನ್ನು ಸಾಕ್ಷ್ಯವಾಗಿ ನಂಬುವಂತೆ ಮಾಡುವುದು ಬೇರೆಯದೇ ವ್ಯಾಪಾರ. ಪೊವೆಲ್‌ನ ನಿಲುವುಗಳು ಮುಂದೆ ಬದಲಾದವು. 1982ರಲ್ಲಿ ಅವನು ಕ್ಯಾಥೊಲಿಕ್ ಶ್ರದ್ಧೆಗೆ ಮರಳಿದನು. ವಿಧಾನವಂತೂ ಬದಲಾಗಲಿಲ್ಲ.

ಪುರವಣಿಯ ಆರಂಭದ ವರ್ಷಗಳಲ್ಲಿ ಅವನ ಸುತ್ತ ನೆರೆದವರಲ್ಲಿ ಅಲೆನ್ ದ ಬೆನ್ವಾ ಮುಖ್ಯನು. 1968ರ ಸುಮಾರಿಗೆ ರೂಪುಗೊಂಡ ‘ಗ್ರೆಸ್’ ಎಂಬ ಅಧ್ಯಯನ ಕೂಟದ ಚಿಂತಕ ಇವನು. ಬಲಪಂಥವು ಚುನಾವಣೆಗಿಂತ ಮೊದಲು ಸಂಸ್ಕೃತಿಯನ್ನು ಗೆಲ್ಲಬೇಕೆಂಬುದು ಕೂಟದ ಪ್ರತಿಪಾದನೆ. ಈ ತಂತ್ರವನ್ನು ಅವರು ಇಟಲಿಯ ಮಾರ್ಕ್ಸ್‌ವಾದಿ ಗ್ರಾಂಶಿಯಿಂದ ಎರವಲು ಪಡೆದರು; ‘ಬಲಪಂಥದ ಗ್ರಾಂಶಿವಾದ’ ಎಂಬುದೇ 1981ರ ಅವರ ಸಮ್ಮೇಳನದ ವಿಷಯವಾಗಿತ್ತು. ಸೆರೆಮನೆಯಲ್ಲಿ ಕುಳಿತು ಜಾನಪದವನ್ನು ಅಧೀನ ವರ್ಗಗಳ ಲೋಕದೃಷ್ಟಿಯೆಂದು ಗಂಭೀರವಾಗಿ ಪರಿಗಣಿಸಿದವನು ಗ್ರಾಂಶಿ. ಅವನ ಯಜಮಾನಿಕೆಯ ಪರಿಕಲ್ಪನೆಯು ಪ್ಯಾರಿಸ್ಸಿನ ಶ್ರೀಮಂತ ಬಡಾವಣೆಗಳ ಶನಿವಾರದ ಓದಿಗೆ ಒದಗಿಬಂದದ್ದು ವಿಚಾರಗಳ ಚರಿತ್ರೆಯ ವಿಪರ್ಯಾಸಗಳಲ್ಲೊಂದು.

ಬೆನ್ವಾನ ‘ಬಲದಿಂದ ಕಂಡದ್ದು’ ಎಂಬರ್ಥದ ಪ್ರಬಂಧ ಸಂಕಲನಕ್ಕೆ 1978ರಲ್ಲಿ ಫ್ರೆಂಚ್ ಅಕಾಡೆಮಿಯ ಪ್ರಶಸ್ತಿ ದೊರೆಯಿತು. 1979ರ ಬೇಸಗೆಯಲ್ಲಿ ‘ಲ ಮೊಂದ್’ ಹಾಗೂ ‘ನುವೆಲ್ ಒಬ್ಸೆರ್ವಾತರ್’ ಪತ್ರಿಕೆಗಳು ಈ ಬಳಗದತ್ತ ಬೆರಳು ತೋರಿದವು. ‘ನವ ಬಲಪಂಥ’ ಎಂಬ ಹೆಸರು ನೆಲೆಗೊಂಡದ್ದು ಆಗ. ಕೆಲವೇ ವರ್ಷಗಳಲ್ಲಿ ಪುರವಣಿ ಮತ್ತು ಬಳಗದ ನಂಟು ಸಡಿಲವಾಯಿತು. ಕ್ರೈಸ್ತಪೂರ್ವ ಯುರೋಪನ್ನು ಕೊಂಡಾಡುತ್ತಿದ್ದ ಬೆನ್ವಾನಿಗೂ ಕ್ಯಾಥೊಲಿಕ್ ಓದುಗವರ್ಗಕ್ಕೂ ಬಹುಕಾಲ ಹೊಂದಿಕೆಯಾಗುವುದು ಕಷ್ಟವಿತ್ತು.

ಮಹಾಭಾರತದ ಪಾಂಡವರು ಮತ್ತು ಯುರೋಪಿನ ‘ಮೂಲ’

ನವ ಬಲಪಂಥದ ಪುರಾಣಪ್ರೀತಿಗೆ ಆಧಾರ ಒದಗಿಸಿದ್ದು ಜಾರ್ಜ್ ದ್ಯುಮೆಜಿಲ್‌ನ ತೌಲನಿಕ ಅಧ್ಯಯನ. ಇಂಡೋ-ಯುರೋಪಿಯನ್ ಭಾಷಿಕ ಸಮುದಾಯಗಳ ಪುರಾಣಗಳಲ್ಲಿ ಪ್ರಭುತ್ವ-ಪೌರೋಹಿತ್ಯ, ಯುದ್ಧ, ಸಮೃದ್ಧಿ ಎಂಬ ಮೂರು ಕಾರ್ಯಗಳ ವಿನ್ಯಾಸವಿದೆಯೆಂದು ದ್ಯುಮೆಜಿಲ್ ವಾದಿಸಿದನು. ಸ್ವೀಡನ್ನಿನ ವಿದ್ವಾಂಸ ವಿಕಾಂಡರ್ 1947ರಲ್ಲಿ ಮಾಡಿದ ಸೂಚನೆಯನ್ನು ಬೆಳೆಸಿ, 1968ರ ‘ಪುರಾಣ ಮತ್ತು ಮಹಾಕಾವ್ಯ’ದ ಮೊದಲ ಸಂಪುಟದಲ್ಲಿ ಪಾಂಡವರನ್ನು ಈ ವಿನ್ಯಾಸಕ್ಕೆ ಹೊಂದಿಸಿದನು: ಧರ್ಮರಾಯ ಮೊದಲ ಕಾರ್ಯಕ್ಕೆ, ಭೀಮಾರ್ಜುನರು ಎರಡನೆಯದಕ್ಕೆ, ನಕುಲ ಸಹದೇವರು ಮೂರನೆಯದಕ್ಕೆ. ವಾದವನ್ನು ಒಪ್ಪದವರೂ ಅದರ ಪಾಂಡಿತ್ಯವನ್ನು ಅಲ್ಲಗಳೆಯಲಾರರು.

ದ್ಯುಮೆಜಿಲ್‌ಗೆ ಇದು ಪಠ್ಯಗಳ ಹೋಲಿಕೆಯಿಂದ ದೊರೆತ ವಿನ್ಯಾಸ. ನವ ಬಲಪಂಥಕ್ಕೆ ಅದು ಯುರೋಪಿನ ರಕ್ತಗತ ಸ್ಮೃತಿ. ಶ್ರೇಣೀಕೃತ ಸಮಾಜವೇ ಯುರೋಪಿನ ಮೂಲಸ್ವರೂಪವೆಂದೂ ಸಮಾನತೆಯು ಹೊರಗಿನಿಂದ ಬಂದ ಬೆರಕೆಯೆಂದೂ ಅವರು ಇದರಿಂದ ನಿರ್ಣಯಿಸಿದರು. 1978ರಲ್ಲಿ ದ್ಯುಮೆಜಿಲ್ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದನು. ಮರುವರ್ಷ ಅವನನ್ನು ಸ್ವಾಗತಿಸಿ ಮಾತನಾಡಿದವನು ಲೆವಿ-ಸ್ಟ್ರಾಸ್. ಅಕಾಡೆಮಿಯ ಗೌರವವೂ ನವ ಬಲಪಂಥದ ಏರುದನಿಯೂ ಒಂದೇ ಕಾಲದಲ್ಲಿ ಕೂಡಿಬಂದದ್ದರಿಂದ ಸಂಶೋಧನೆಯ ಕೀರ್ತಿ ಸಿದ್ಧಾಂತದ ಮೇಲೂ ಬಿದ್ದಿತು. ಹೀಗೆ ಪುರಾಣವು ವಂಶಾವಳಿಯಾಗಿ ಬದಲಾಯಿತು. ಪಾಂಡವರು ಭಾರತದ ಹಳ್ಳಿಹಳ್ಳಿಗಳಲ್ಲಿ ಪ್ರಭುತ್ವದ ಸಿದ್ಧಾಂತವಾಗಿ ಬದುಕಿದವರಲ್ಲ, ಕಾಡಿನಲ್ಲಿ ಅಲೆದ ಬಡವರಾಗಿ, ಕಲ್ಲುಗೋರಿಗಳನ್ನು ಕಟ್ಟಿದವರಾಗಿ ಬದುಕಿದವರು. ದಕ್ಷಿಣದ ಬೃಹತ್ ಶಿಲಾಸಮಾಧಿಗಳನ್ನು ಜನ ‘ಪಾಂಡವರ ಗುಡಿ’ ಎಂದೇ ಕರೆಯುತ್ತಾರೆ. ಈ ಪಾಂಡವರಿಗೆ ಪ್ಯಾರಿಸ್ಸಿನ ವಾದದಲ್ಲಿ ಎಡೆಯಿರಲಿಲ್ಲ.

ಫ್ರಾನ್ಸಿನಲ್ಲಿ ಇಂತಹ ಬಳಕೆಗೆ ನೆಲ ಹದವಾಗಿದ್ದುದಕ್ಕೆ ಇನ್ನೊಂದು ಕಾರಣವಿದೆ. 1937ರಲ್ಲಿ ಜಾರ್ಜ್ ಆಂರಿ ರಿವಿಯೇರ್‌ನ ನೇತೃತ್ವದಲ್ಲಿ ಜನಪದ ಕಲೆ ಮತ್ತು ಪರಂಪರೆಗಳ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸ್ಥಾಪನೆಯಾಯಿತು. ಅದೇ ವರ್ಷದಿಂದ ವಾನ್ ಗೆನೆಪ್‌ನ ಫ್ರೆಂಚ್ ಜಾನಪದ ಕೈಪಿಡಿಯ ಸಂಪುಟಗಳು ಹೊರಬರತೊಡಗಿದವು. ಆದರೆ ಪೆತಾಂನ ವಿಶಿ ಸರ್ಕಾರ ‘ಮಣ್ಣಿಗೆ ಮರಳಿ’ ಎಂಬ ಘೋಷಣೆಯೊಂದಿಗೆ ಪ್ರಾಂತೀಯ ಉಡುಪು, ಹಬ್ಬ, ಕುಣಿತಗಳನ್ನು ಪ್ರಭುತ್ವದ ಅಲಂಕಾರವಾಗಿ ಬಳಸಿಕೊಂಡದ್ದರಿಂದ ಯುದ್ಧಾನಂತರ ‘ಫೋಕ್‌ಲೋರ್’ ಎಂಬ ಪದವೇ ಅಲ್ಲಿ ಮುಜುಗರದ ಮಾತಾಯಿತು. ಶಾಸ್ತ್ರವು ‘ಎಥ್ನಾಲಜಿ’ ಎಂಬ ಹೆಸರಿನ ಮರೆಗೆ ಸರಿಯಿತು. ವಿದ್ವಾಂಸರು ಬಿಟ್ಟುಕೊಟ್ಟ ಜಾಗವನ್ನು ಮಾರುಕಟ್ಟೆ ತುಂಬಿತು. 1975ರಲ್ಲಿ ಬ್ರಿಟನಿಯ ರೈತಬದುಕಿನ ಕುರಿತ ಎಲಿಯಾಸ್‌ನ ಆತ್ಮಕಥನವೂ ಮೊಂತಾಯು ಹಳ್ಳಿಯ ಕುರಿತ ಲ ರುವಾ ಲಾದುರಿಯ ಚರಿತ್ರೆಯೂ ಬಿಸಿಬಿಸಿಯಾಗಿ ಖರ್ಚಾದವು. 1978ರಲ್ಲಿ ವಾಂದೆ ಪ್ರಾಂತದ ಪ್ಯುಯಿ ದ್ಯು ಫು ಕೋಟೆಯಲ್ಲಿ ಕ್ರಾಂತಿವಿರೋಧಿ ರೈತರ ನೆನಪನ್ನು ಮೆರೆಸುವ ಬೃಹತ್ ರಾತ್ರಿಪ್ರದರ್ಶನ ಆರಂಭವಾಯಿತು. 1980ನ್ನು ಸರ್ಕಾರವೇ ಪರಂಪರೆಯ ವರ್ಷವೆಂದು ಸಾರಿತು. ಪುರವಣಿ ಹುಟ್ಟಿದ್ದು ಈ ಹಂಬಲದ ನಡುವೆ. ನಗರಕ್ಕೆ ಬಂದು ನೆಲೆಸಿದ ಕುಟುಂಬಗಳಿಗೆ ಹಳ್ಳಿಯ ಚಿತ್ರ ಬೇಕಿತ್ತು, ಹಳ್ಳಿಗರು ಬೇಕಿರಲಿಲ್ಲ.

1985ರ ಮುಖಪುಟ

1985ರ ಅಕ್ಟೋಬರ್ 26ರ ಶನಿವಾರದ ‘ಫಿಗಾರೊ ಮ್ಯಾಗಜೀನ್’ ತನ್ನ ಮುಖಪುಟದಲ್ಲಿ ಮರಿಯಾನ್‌ಳ ಪ್ರತಿಮೆಗೆ ಮುಸ್ಲಿಂ ಮುಸುಕು ತೊಡಿಸಿ, ಮೂವತ್ತು ವರ್ಷಗಳ ಬಳಿಕವೂ ನಾವು ಫ್ರೆಂಚರಾಗಿ ಉಳಿದಿರುವೆವೇ ಎಂದು ಕೇಳಿತು. ಒಳಗಿನ ಲೇಖನಮಾಲೆಯನ್ನು ಸಿದ್ಧಪಡಿಸಿದವರು ಕಾದಂಬರಿಕಾರ ಝಾಂ ರಾಸ್ಪಾಯ್ ಮತ್ತು ಜನಸಂಖ್ಯಾಶಾಸ್ತ್ರಜ್ಞ ಜೆರಾರ್-ಫ್ರಾಂಸ್ವಾ ದ್ಯುಮೊಂ. ಯುರೋಪೇತರ ವಿದೇಶಿಯರ ಸಂಖ್ಯೆ 2015ರ ವೇಳೆಗೆ ಎಷ್ಟಾಗುವುದೆಂಬ ಮುನ್ನಂದಾಜು ಅದರ ತಿರುಳು.

ಮರಿಯಾನ್ ಯಾರು? ಮೋರಿಸ್ ಅಗ್ಯುಲೊಂ 1979ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಗೆ ಸವಿಸ್ತಾರವಾಗಿ ಉತ್ತರಿಸಿದೆ. ಅದು ಹದಿನೆಂಟನೆಯ ಶತಮಾನದಲ್ಲಿ ಸಾಧಾರಣ ಮನೆತನಗಳ ಹೆಣ್ಣುಮಕ್ಕಳಿಗೆ ಇಡುತ್ತಿದ್ದ ಹೆಸರು. ಎರಡು ಸಂತರ ಹೆಸರು ಕೂಡಿ ಆದದ್ದು. ಗಣರಾಜ್ಯಕ್ಕೆ ಆ ಹೆಸರನ್ನು ಮೊದಲು ಕೊಟ್ಟದ್ದು ಪ್ಯಾರಿಸ್ ಅಲ್ಲ. 1792ರಲ್ಲಿ ದಕ್ಷಿಣದ ಪ್ಯುಲೊರಾಂಸ್ ಊರಿನ ಚಮ್ಮಾರ ಕವಿ ಗಿಯೋಮ್ ಲಾವಾಬ್ರ್ ತನ್ನ ಆಡುನುಡಿಯಾದ ಆಕ್ಸಿತಾನ್‌ನಲ್ಲಿ ಹಾಡೊಂದನ್ನು ಕಟ್ಟಿ, ಕಾಯಿಲೆ ಬಿದ್ದ ಮರಿಯಾನ್ ಕ್ರಾಂತಿಯ ಔಷಧದಿಂದ ಗುಣಮುಖಳಾದಳೆಂದು ಹಾಡಿದನು. ರಾಷ್ಟ್ರಲಾಂಛನವೊಂದು ಚಮ್ಮಾರನ ಹಾಡಿನಲ್ಲಿ, ರಾಜಧಾನಿಯ ಭಾಷೆಯಲ್ಲದ ನುಡಿಯಲ್ಲಿ ಮೂಡಿತೆಂಬುದು ಜಾನಪದಕ್ಕೆ ಬಹುಮೂಲ್ಯ ಸಂಗತಿ. ಅವಳ ತಲೆಯ ಕೆಂಪು ಟೊಪ್ಪಿಗೆಯನ್ನು ಪ್ರಾಚೀನ ರೋಮಿನಲ್ಲಿ ಬಿಡುಗಡೆ ಹೊಂದಿದ ಗುಲಾಮರ ಟೊಪ್ಪಿಗೆಯೊಂದಿಗೆ ಸಮೀಕರಿಸಲಾಯಿತು. ಮರಿಯಾನ್ ಎಂಬುದು ವಿರೋಧಿಗಳ ಬಾಯಲ್ಲಿ ಹೀಯಾಳಿಕೆಯೂ ಆಯಿತು, ಗುಪ್ತಸಂಘಗಳ ಸಂಕೇತಪದವೂ ಆಯಿತು. 1855ರಲ್ಲಿ ಆಂಝೆ ನಗರದತ್ತ ದಂಡೆತ್ತಿ ಹೋದ ತ್ರೆಲಾಜೆಯ ಕಲ್ಲುಗಣಿ ಕಾರ್ಮಿಕರ ಸಂಘದ ಹೆಸರೇ ‘ಮರಿಯಾನ್’. ಮೂರನೆಯ ಗಣರಾಜ್ಯದ ಕಾಲಕ್ಕೆ ಅವಳ ಎದೆಮಟ್ಟದ ಪ್ರತಿಮೆ ಪುರಭವನಗಳಲ್ಲಿ ನೆಲೆಗೊಂಡಿತು. 1960ರ ದಶಕದ ಕೊನೆಗೆ ಚಿತ್ರತಾರೆ ಬ್ರಿಜಿತ್ ಬಾರ್ದೊಳ ಮುಖ ಅವಳಿಗೆ ಬಂದಿತು.

1985ರಲ್ಲಿಯೇ ಇನ್ನೊಬ್ಬ ತಾರೆ ಕತ್ರೀನ್ ದೆನ್ಯೋವ್ ಹೊಸ ಮರಿಯಾನ್‌ಗೆ ರೂಪದರ್ಶಿಯಾದಳು. ಒಂದೇ ವರ್ಷದಲ್ಲಿ ಗಣರಾಜ್ಯದ ಹೆಣ್ಣಿಗೆ ಒಂದೆಡೆ ಬೆಳ್ಳಿತೆರೆಯ ಚೆಲುವು, ಇನ್ನೊಂದೆಡೆ ಕಪೋಲಕಲ್ಪಿತ ಮುಸುಕು. ಎರಡೂ ಚಿತ್ರಗಳಲ್ಲಿ ಮಾಯವಾದದ್ದು ಲಾವಾಬ್ರ್‌ನ ಹಾಡಿನ ಬಡ ಮರಿಯಾನ್.

ಮುಖಪುಟದ ಕಾಲವನ್ನು ಗಮನಿಸಬೇಕು. ಕ್ರೆಯ್ ಎಂಬ ಊರಿನ ಶಾಲೆಯಲ್ಲಿ ಮೂವರು ಬಾಲಕಿಯರ ತಲೆವಸ್ತ್ರದ ಕಾರಣದಿಂದ ಫ್ರಾನ್ಸಿನಲ್ಲಿ ಮುಸುಕಿನ ಚರ್ಚೆ ಭುಗಿಲೆದ್ದದ್ದು 1989ರಲ್ಲಿ. ಶಾಲೆಗಳಲ್ಲಿ ಎದ್ದುಕಾಣುವ ಧಾರ್ಮಿಕ ಚಿಹ್ನೆಗಳನ್ನು ನಿಷೇಧಿಸಿದ ಕಾನೂನು ಬಂದದ್ದು 2004ರಲ್ಲಿ, ಸಾರ್ವಜನಿಕ ಸ್ಥಳಗಳಲ್ಲಿ ಮುಖ ಮುಚ್ಚುವುದನ್ನು ನಿಷೇಧಿಸಿದ್ದು 2010ರಲ್ಲಿ. ಅಂದರೆ ಚಿತ್ರವು ಘಟನೆಗಿಂತ ನಾಲ್ಕು ವರ್ಷ ಮುಂಚಿತವಾಗಿ ಬಂದಿತು. ಸುದ್ದಿಚಿತ್ರ ನಡೆದದ್ದನ್ನು ತೋರಿಸುತ್ತದೆ. ಈ ಚಿತ್ರ ಮುಂದೆ ನಡೆಯುವುದನ್ನು ಯಾವ ಕಣ್ಣಿನಿಂದ ನೋಡಬೇಕೆಂಬುದನ್ನು ಮೊದಲೇ ಹೊಂದಿಸಿಟ್ಟಿತು. ಶಕುನದ ಲಕ್ಷಣವೂ ಇದೇ ಅಲ್ಲವೇ?

ಲೇಖನಮಾಲೆಯ ಅಂಕಿಗಳನ್ನು ಆಳುತ್ತಿದ್ದ ಸಮಾಜವಾದಿ ಸರ್ಕಾರ ಕಟುವಾಗಿ ಖಂಡಿಸಿತು. ಸಾಮಾಜಿಕ ವ್ಯವಹಾರಗಳ ಸಚಿವೆ ಜಾರ್ಜಿನಾ ದ್ಯುಫ್ವಾ ಅದನ್ನು ನಾಜಿ ಸಿದ್ಧಾಂತಗಳಿಗೆ ಹೋಲಿಸುವವರೆಗೂ ಹೋದಳು. ಈ ಅತಿಶಯೋಕ್ತಿಯಿಂದ ಲಾಭವಾದದ್ದು ಪುರವಣಿಗೇ. ಅಂಕಿಗಳ ಕುರಿತು ಕೇಳಬೇಕಾದ ಸರಳ ಪ್ರಶ್ನೆಗಳು ಗದ್ದಲದಲ್ಲಿ ಹಿಂದೆ ಸರಿದವು. ವಲಸೆ ಬಂದ ಕುಟುಂಬಗಳ ಮಕ್ಕಳ ಸಂಖ್ಯೆ ತಲೆಮಾರಿನಿಂದ ತಲೆಮಾರಿಗೆ ನೆಲೆಯೂರಿದ ದೇಶದ ಸರಾಸರಿಯತ್ತ ಇಳಿಯುತ್ತದೆ. ಫ್ರೆಂಚ್ ಕಾನೂನಿನಂತೆ ಆ ನೆಲದಲ್ಲಿ ಹುಟ್ಟಿ ಬೆಳೆದ ಮಕ್ಕಳಲ್ಲಿ ಬಹುಪಾಲಿನವರು ಫ್ರೆಂಚ್ ಪೌರರಾಗುತ್ತಾರೆ. ಹಾಗಿರುವಾಗ ಮೂವತ್ತು ವರ್ಷಗಳಾಚೆಗೂ ಅವರನ್ನು ‘ವಿದೇಶಿ’ಯರ ಸಾಲಿನಲ್ಲಿ ಕಾಣುವ ಲೆಕ್ಕದಲ್ಲಿ ಉತ್ತರ ಮೊದಲೇ ಅಡಕವಾಗಿದೆ. ವಿವಾದದ ಮೂಲ ಸಂಖ್ಯೆಯಲ್ಲಿರಲಿಲ್ಲ, ಶೀರ್ಷಿಕೆಯ ‘ನಾವು’ ಎಂಬ ಸರ್ವನಾಮದಲ್ಲಿತ್ತು. ತಮಿಳು ಮತ್ತು ತೆಲುಗುಗಳಲ್ಲಿ ಕೇಳುಗನನ್ನು ಒಳಗೊಂಡ ‘ನಾವು’ ಬೇರೆ, ಹೊರಗಿಟ್ಟ ‘ನಾವು’ ಬೇರೆ. ಫ್ರೆಂಚಿನಲ್ಲಿ ಆ ಭೇದವಿಲ್ಲ, ಇಂದಿನ ಕನ್ನಡದಲ್ಲಿಯೂ ಇಲ್ಲ. ಭೇದವನ್ನು ಮುಖಪುಟದ ಚಿತ್ರ ಮಾಡಿಕೊಟ್ಟಿತು.

ಗಂಗೆಯ ಹಡಗುಗಳು

ಸಹಲೇಖಕ ರಾಸ್ಪಾಯ್ (1925-2020) ಭಾರತೀಯ ಓದುಗರ ವಿಶೇಷ ಗಮನಕ್ಕೆ ಅರ್ಹನು. 1973ರ ಅವನ ‘ಸಂತರ ಶಿಬಿರ’ ಎಂಬರ್ಥದ ಕಾದಂಬರಿಯಲ್ಲಿ ಗಂಗಾತೀರದ ಹತ್ತು ಲಕ್ಷ ನಿರ್ಗತಿಕರು ಕಲ್ಕತ್ತೆಯಿಂದ ಹಳೆಯ ಹಡಗುಗಳನ್ನೇರಿ ಫ್ರಾನ್ಸಿನ ದಕ್ಷಿಣ ತೀರದಲ್ಲಿ ಇಳಿಯುತ್ತಾರೆ; ಆತ್ಮವಿಶ್ವಾಸ ಕಳೆದುಕೊಂಡ ಪಶ್ಚಿಮವು ಅವರೆದುರು ಕುಸಿಯುತ್ತದೆ. ಬಾಂಗ್ಲಾ ವಿಮೋಚನೆಯ ಕಾಲದ ನಿರಾಶ್ರಿತರ ಛಾಯಾಚಿತ್ರಗಳು ಪ್ರಪಂಚದ ಪತ್ರಿಕೆಗಳನ್ನೆಲ್ಲ ತುಂಬಿದ್ದ ದಿನಗಳು ಆಗಿನ್ನೂ ದೂರವಾಗಿರಲಿಲ್ಲ. ಕಾದಂಬರಿಯ ಭಾರತೀಯರು ಮುಖವಿಲ್ಲದವರು. ಅವರು ಜನರಲ್ಲ, ಪ್ರವಾಹ. ಭಾರತದ ಕಥನಪರಂಪರೆಯಲ್ಲಿ ಗಂಗೆ ಇಳಿದುಬರುವುದು ಉದ್ಧಾರಕ್ಕಾಗಿ. ಇಲ್ಲಿ ಅದೇ ನದಿ ಪ್ರಳಯದ ರೂಪಕ.

ಆದರೆ ಈ ಲೇಖಕನನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭವೂ ಅಲ್ಲ, ಉಪಯುಕ್ತವೂ ಅಲ್ಲ. ಯೌವನದಲ್ಲಿ ದಕ್ಷಿಣ ಅಮೆರಿಕದ ತುದಿಯಿಂದ ಅಲಾಸ್ಕದವರೆಗೆ ಸಂಚರಿಸಿದ ಇವನು ಅಲ್ಲಿನ ಅಲಕಾಲುಫ್ ಎಂಬ ದೋಣಿಜನರ ಅಳಿವನ್ನು ಮರೆಯಲಿಲ್ಲ. 1986ರಲ್ಲಿ, ಮುಖಪುಟದ ವಿವಾದದ ಮರುವರ್ಷವೇ, ಅವರ ಕುರಿತ ಶೋಕಮಯ ಕಾದಂಬರಿಯನ್ನು ಪ್ರಕಟಿಸಿದನು. 1981ರಲ್ಲಿ ಫ್ರೆಂಚ್ ಅಕಾಡೆಮಿಯ ಕಾದಂಬರಿ ಪ್ರಶಸ್ತಿ ಪಡೆದ ಇವನ ಕೃತಿಯ ನಾಯಕ, ಪತಗೋನಿಯದ ರಾಜನೆಂದು ತನ್ನನ್ನು ಘೋಷಿಸಿಕೊಂಡ ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವಕೀಲ ತುನಾಂಸ್. ಆ ಇಲ್ಲದ ರಾಜ್ಯದ ಕಾನ್ಸಲ್ ಜನರಲ್ ತಾನೆಂದು ರಾಸ್ಪಾಯ್ ಕೊನೆಯವರೆಗೂ ಹೇಳಿಕೊಂಡನು. ಅಳಿಯುತ್ತಿರುವ ಸಣ್ಣ ಸಮುದಾಯಕ್ಕಾಗಿ ಮರುಗುವ ಮನಸ್ಸೇ ಬದುಕಲು ಹೊರಟ ದೊಡ್ಡ ಸಮುದಾಯಕ್ಕೆ ಬೆದರಿತು. ಅಳಿದ ಜಾನಪದವನ್ನು ಪ್ರೀತಿಸುವುದು ಎಷ್ಟು ಸಲೀಸೆಂಬುದಕ್ಕೆ ಇದು ನಿದರ್ಶನ. ಸತ್ತವರು ನೆರೆಮನೆಗೆ ಬಂದು ವಾಸಿಸುವುದಿಲ್ಲ. ಜಾನಪದ ಸಂಗ್ರಹಕಾರರಲ್ಲಿ ಈ ದ್ವಂದ್ವ ಅಪರೂಪದ್ದೇನಲ್ಲ. ಕೊನೆಯ ಗಾಯಕ, ಕೊನೆಯ ಕಥೆಗಾರ ಎಂಬ ಮಾತು ಯುರೋಪಿನಲ್ಲಷ್ಟೇ ಕೇಳಿಬರುವಂಥದ್ದಲ್ಲ.

‘ಮೊನೋಮ್’ ಮತ್ತು ‘ಜೋಂಬಿ’

1986ರ ಕೊನೆಯಲ್ಲಿ ಉನ್ನತ ಶಿಕ್ಷಣದ ಸಚಿವ ಅಲೆನ್ ದವಾಕೆಯ ಮಸೂದೆಯ ವಿರುದ್ಧ ಲಕ್ಷಾಂತರ ವಿದ್ಯಾರ್ಥಿಗಳು ಬೀದಿಗಿಳಿದರು. ವಿಶ್ವವಿದ್ಯಾಲಯಗಳ ಪ್ರವೇಶದಲ್ಲಿ ಆಯ್ಕೆಯ ಪದ್ಧತಿ, ಹೆಚ್ಚಿನ ಶುಲ್ಕ ಬರಬಹುದೆಂಬುದು ಅವರ ಆತಂಕ. ಡಿಸೆಂಬರ್ 6ರ ಶನಿವಾರದ ಪುರವಣಿಯಲ್ಲಿ ಪೊವೆಲ್‌ನ ಸಂಪಾದಕೀಯ ಪ್ರಕಟವಾಯಿತು. ಈ ತರುಣರ ಮನಸ್ಸಿಗೆ ಏಡ್ಸ್ ತಗುಲಿದೆಯೆಂದು ಅವನು ಬರೆದನು. ಶೀರ್ಷಿಕೆ: ‘ಜೋಂಬಿಗಳ ಮೊನೋಮ್’.

ಶೀರ್ಷಿಕೆಯ ಎರಡೂ ಪದಗಳು ಜಾನಪದದವು. ‘ಮೊನೋಮ್’ ಎಂದರೆ ಪರೀಕ್ಷೆ ಮುಗಿದ ಮೇಲೆ ಫ್ರಾನ್ಸಿನ ವಿದ್ಯಾರ್ಥಿಗಳು ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ಒಂದೇ ಸಾಲಿನಲ್ಲಿ ಹಾಡುತ್ತ, ಕೀಟಲೆ ಮಾಡುತ್ತ ಬೀದಿ ಸುತ್ತುವ ಆಚರಣೆ. ಬೀಜಗಣಿತದ ಏಕಪದಿಯಿಂದ ಬಂದ ತಮಾಷೆಯ ಹೆಸರು. ವಾನ್ ಗೆನೆಪ್ 1909ರಲ್ಲಿ ವಿವರಿಸಿದ ಸಂಕ್ರಮಣ ಆಚರಣೆಗಳ ಲಕ್ಷಣಗಳೆಲ್ಲ ಇದರಲ್ಲಿವೆ. ಹಳೆಯ ಸ್ಥಾನ ಕಳಚಿ ಹೊಸ ಸ್ಥಾನ ದೊರೆಯದ ನಡುಗಾಲದಲ್ಲಿ ಊರು ಹುಡುಗರ ಪುಂಡಾಟವನ್ನು ಸಹಿಸಿಕೊಳ್ಳುತ್ತದೆ. ‘ಜೋಂಬಿ’ಯು ಹೈತಿಯ ವೂಡೂ ಸಂಪ್ರದಾಯದ ಜೀವಂತ ಶವ, ಮಂತ್ರವಾದಿಯ ಹೊಲದಲ್ಲಿ ಇಚ್ಛಾಶಕ್ತಿಯಿಲ್ಲದೆ ದುಡಿಯುವ ಹೆಣ. 1804ರವರೆಗೆ ಫ್ರಾನ್ಸಿನ ವಸಾಹತಾಗಿದ್ದ ಆ ನೆಲದಲ್ಲಿ ಕಬ್ಬಿನ ತೋಟಗಳ ಗುಲಾಮರ ನೆನಪು ಈ ನಂಬಿಕೆಯೊಳಗೆ ಹುದುಗಿದೆ. ರಾಜಕೀಯ ಪ್ರತಿಭಟನೆಯನ್ನು ಮೊದಲ ಪದ ಹುಡುಗಾಟವಾಗಿಸಿತು. ಪ್ರತಿಭಟಿಸುವವರ ಸ್ವಂತ ಬುದ್ಧಿಯನ್ನು ಎರಡನೆಯ ಪದ ಕಿತ್ತುಕೊಂಡಿತು. ಗುಲಾಮಗಿರಿಯ ದುಃಖದಿಂದ ಹುಟ್ಟಿದ ಮಾತು ಗುಲಾಮರನ್ನಾಳಿದ ದೇಶದ ಸಿರಿವಂತ ಪುರವಣಿಯಲ್ಲಿ ಬೈಗುಳಾಯಿತು.

ಡಿಸೆಂಬರ್ 5ರ ರಾತ್ರಿ ಕಳೆದು 6ಕ್ಕೆ ಹೊರಳುವ ಹೊತ್ತಿನಲ್ಲಿ, ಪ್ಯಾರಿಸ್ಸಿನ ಮೊಸ್ಯೋರ್-ಲ-ಪ್ರಾಂಸ್ ಬೀದಿಯ ಕಟ್ಟಡವೊಂದರ ಪ್ರವೇಶದ್ವಾರದಲ್ಲಿ ಮಲಿಕ್ ಉಸೆಕಿನ್ ಎಂಬ 22 ವರ್ಷದ ವಿದ್ಯಾರ್ಥಿ ಪೊಲೀಸರ ಹೊಡೆತಕ್ಕೆ ಸಿಕ್ಕಿ ಸತ್ತನು. ಪುರವಣಿ ಅಷ್ಟರಲ್ಲಿ ಅಚ್ಚಾಗಿತ್ತು. ಬೆಳಗ್ಗೆ ಸಾವಿನ ಸುದ್ದಿಯೂ ‘ಜೋಂಬಿ’ಗಳ ಸಂಪಾದಕೀಯವೂ ಓದುಗರನ್ನು ಒಟ್ಟಿಗೆ ತಲುಪಿದವು. ಅಂದೇ ದವಾಕೆ ರಾಜೀನಾಮೆ ನೀಡಿದನು. 8ರಂದು ಮಸೂದೆಯನ್ನು ಹಿಂದೆಗೆದುಕೊಳ್ಳಲಾಯಿತು. ವಿದ್ಯಾರ್ಥಿಗಳು ಬೈಗುಳವನ್ನು ಮರೆಯಲಿಲ್ಲ. ಪೊವೆಲ್‌ನ ಹೆಸರಿಗೆ ಅದು ಕೊನೆಯವರೆಗೂ ಅಂಟಿಕೊಂಡಿತು.

ಆಶಯದ ಅಲೆದಾಟ

1991ರ ಸೆಪ್ಟೆಂಬರ್ 21ರ ಸಂಚಿಕೆಯಲ್ಲಿ ಮಾಜಿ ಅಧ್ಯಕ್ಷ ಜಿಸ್ಕಾರ್ ದೆಸ್ತಾಂ, ವಲಸೆಯನ್ನು ‘ಆಕ್ರಮಣ’ವೆಂದು ಕರೆಯಬಹುದೇ ಎಂದು ಕೇಳಿ, ಪೌರತ್ವಕ್ಕೆ ಹುಟ್ಟಿದ ನೆಲಕ್ಕಿಂತ ರಕ್ತಸಂಬಂಧವನ್ನು ಆಧಾರವಾಗಿಸಬೇಕೆಂದು ವಾದಿಸಿದನು. ಇವನ ಆಳ್ವಿಕೆಯಲ್ಲಿಯೇ 1976ರ ಏಪ್ರಿಲ್ 29ರ ಆದೇಶವು ವಲಸೆ ಕಾರ್ಮಿಕರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಅವಕಾಶ ನೀಡಿತ್ತು. ಹದಿನೆಂಟು ವರ್ಷಗಳ ಹಿಂದೆ ಕಾದಂಬರಿಯೊಂದರ ಕಲ್ಪನೆಯಾಗಿದ್ದ ಆಶಯ ಹೀಗೆ ಪುರವಣಿಯ ಮೂಲಕ ಹಾದು ದೇಶದ ಮಾಜಿ ಮುಖ್ಯಸ್ಥನ ಲೇಖನಿಗೆ ಏರಿತು. ಕಥೆಯ ಆಶಯಗಳು ಊರಿಂದೂರಿಗೆ ಅಲೆಯುವುದನ್ನು ಗುರುತಿಸಲು ಕಲಿತ ಶಾಸ್ತ್ರಕ್ಕೆ ಈ ದಾರಿ ಅಪರಿಚಿತವಲ್ಲ.

ಎರ್ಸಾಂ 1996ರಲ್ಲಿ, ಪೊವೆಲ್ 1997ರಲ್ಲಿ ತೀರಿಕೊಂಡರು. 2004ರಲ್ಲಿ ಪತ್ರಿಕಾಸಮೂಹ ವಿಮಾನ ತಯಾರಕ ದಾಸೋ ಮನೆತನದ ವಶವಾಯಿತು. ಪುರವಣಿಯ ದನಿ ಕ್ರಮೇಣ ತಗ್ಗಿತು, ಅದರ ಛಾಯಾಚಿತ್ರ ವರದಿಗಳಿಗೆ ಮನ್ನಣೆ ಹೆಚ್ಚಿತು. ಪೆರ್ಪಿನ್ಯಾಂ ನಗರದ ಪ್ರಸಿದ್ಧ ಸುದ್ದಿಚಿತ್ರೋತ್ಸವದಲ್ಲಿ ಹಿರಿಯ ಛಾಯಾಗ್ರಾಹಕರಿಗೆ ಕೊಡುವ ಗೌರವ ಪ್ರಶಸ್ತಿಯೊಂದು ಇದರ ಹೆಸರಿನಲ್ಲಿದೆ. ಚಿತ್ರದ ಶಕ್ತಿಯನ್ನು ಅದು ಮೊದಲಿನಿಂದಲೂ ಬಲ್ಲದು.

ಮುಸುಕಿನ ಮರಿಯಾನ್ ಮಾತ್ರ ಮರೆಯಾಗಲಿಲ್ಲ. 2013ರ ಸೆಪ್ಟೆಂಬರಿನಲ್ಲಿ ‘ವಾಲರ್ ಆಕ್ತ್ಯುಯೆಲ್’ ಎಂಬ ಇನ್ನೊಂದು ಬಲಪಂಥೀಯ ವಾರಪತ್ರಿಕೆ, ವಿದೇಶಿಯರಿಗೆ ಪೌರತ್ವ ನೀಡುವುದನ್ನು ವಿರೋಧಿಸಿ, ಅದೇ ಬಿಂಬವನ್ನು ತನ್ನ ಮುಖಪುಟಕ್ಕೆ ತಂದಿತು. ಅದೇ ವರ್ಷದ ಜೂನ್‌ನಲ್ಲಿ ಮಾರ್ಸೇ ಬಂದರಿನಲ್ಲಿ ಯುರೋಪ್ ಮತ್ತು ಮೆಡಿಟರೇನಿಯನ್ ನಾಗರಿಕತೆಗಳ ವಸ್ತುಸಂಗ್ರಹಾಲಯ ತೆರೆಯಿತು. ರಿವಿಯೇರ್ ಕಟ್ಟಿದ ಪ್ಯಾರಿಸ್ಸಿನ ಜನಪದ ಸಂಗ್ರಹಾಲಯವು 2005ರಲ್ಲಿ ಬಾಗಿಲು ಮುಚ್ಚಿದ ಮೇಲೆ ಅಲ್ಲಿನ ನೇಗಿಲು, ತೊಟ್ಟಿಲು, ಮುಖವಾಡಗಳೆಲ್ಲ ಬಂದು ಸೇರಿದ್ದು ಅಲ್ಲಿಗೆ, ಉತ್ತರ ಆಫ್ರಿಕದ ಹಡಗುಗಳು ಬಂದು ನಿಲ್ಲುವ ದಡಕ್ಕೆ.